ಗುಬ್ಬಿ ವಕೀಲರು

ತುಮಕೂರಿನ ಕೋರ್ಟಿನಲ್ಲಿ ಮೊದಲ ಸಲ ವಾದಕ್ಕೆ ನಿಂತ ಸೈಮಾಳ ನಾಲಿಗೆ ಅವಳ ಹೆಸರಿನ ಮೊದಲ ಅಕ್ಷರದಲ್ಲೇ ತೊಡರಿತು. "ಸ... ಸ..." ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಅವಳು ಪಕ್ಕದಲ್ಲಿ ಕೂತಿದ್ದ ಅನಂತರಾಜು ಅಂಕಲ್ ಕಡೆ ತಿರುಗಿದಳು. ಅವಳ ಅಬ್ಬಾನ ಬಾಲ್ಯದ ಗೆಳೆಯರು, ಗುಬ್ಬಿಯ ಹಿರಿಯ ವಕೀಲರು. ಅವರದೂ ಹುಟ್ಟಿನಿಂದ ಉಗ್ಗು ಮಾತೇ. ಅದೇ ಮಾತಲ್ಲಿ ಎಷ್ಟೋ ಕೇಸು ಗೆದ್ದಿದ್ದರು. ಅವರನ್ನು ನೋಡಿಯೇ ಅವಳು ಕರಿ ಕೋಟು ತೊಟ್ಟಿದ್ದು. "ನೀ... ನೀವೇ ಹೇಳಿ ಅಂಕಲ್," ಎಂದು ಪಿಸುಗುಟ್ಟಿದಳು.

ಅವರು ಏಳಲಿಲ್ಲ. ಪೆನ್ನಿನ ಕ್ಯಾಪು ಮುಚ್ಚಿ, ಕೈಕಟ್ಟಿ ಹಿಂದಕ್ಕೆ ಒರಗಿದರು. "ನಿ... ನಿಧಾನಕ್ಕೆ ಹೇಳಮ್ಮ," ಎಂದರು, ಇಡೀ ಕೋರ್ಟಿಗೆ ಕೇಳುವಷ್ಟು ಗಟ್ಟಿಯಾಗಿ. "ಗು... ಗುಬ್ಬಿ ಬಸ್ಸು ಸಂಜೆ ತನಕ ಇದಾವೆ."

ನಗು ನಿಂತಿತು. ಜಡ್ಜ್ ಕನ್ನಡಕ ತೆಗೆದಿಟ್ಟು ಕಾದರು. "ಸ... ಸೈಮಾ, ಸ್ವಾಮಿ. ಅರ್ಜಿದಾರರ ಪ... ಪರ ವಕೀಲೆ," ಎಂದ ಸೈಮಾ, ಈ ಸಲ ತಲೆ ತಗ್ಗಿಸದೆ ಮುಂದಿನ ಮಾತಿಗೆ ಹೋದಳು.