ಆರನೇ ಗೀರು

ಇವತ್ತು ನನ್ನ ಮೊಮ್ಮಗಳು ತಾನೇ ಸೈಕಲ್ ಚೈನಿಗೆ ಎಣ್ಣೆ ಬಿಟ್ಟು, ಆ ಕಪ್ಪು ಕೈಯಲ್ಲೇ ನನ್ನ ಕೆನ್ನೆ ಹಿಡಿದಾಗ ಖುಷಿಗೆ ಕಣ್ಣು ತುಂಬಿತು, ಆ ವಾಸನೆಗೆ ಯಲಹಂಕದಲ್ಲಿದ್ದ ಅಪ್ಪನ ಕೋವಿ ರಿಪೇರಿ ಶೆಡ್ಡು ನೆನಪಾಯಿತು.

ಪಕ್ಕದ ಕೋಗಿಲು ಹಳ್ಳಿಯ ಗೌಡರ ಹಳೇ ರೈಫಲ್ಲಿನ ನಳಿಗೆ ಸವೆದಿತ್ತು. ಅಪ್ಪ ಅದನ್ನು ಅಗಲವಾಗಿ ಕೊರೆದು ಮುಗಿಸಿದ್ದ. ಗುಂಡು ತಿರುಗಿಕೊಂಡು ನೆಟ್ಟಗೆ ಹೋಗಲಿ ಅಂತ ಒಳಗೆ ಸುರುಳಿ ಗೀರು ಹಾಕುವುದೊಂದು ಬಾಕಿ ಇತ್ತು. ಎಷ್ಟು ಗೀರು ಅಂತ ಬೆಳಿಗ್ಗೆಯೇ ಲೇತ್ ಮೇಲೆ ಸೀಮೆಸುಣ್ಣದಲ್ಲಿ ಐದು ಅಂತ ಬರೆದಿಟ್ಟಿದ್ದ.

ಮಧ್ಯಾಹ್ನ ಗೌಡರು ಬಂದು ಆ ಐದನ್ನು ನೋಡಿ ಮೀಸೆ ಸವರಿದರು. "ಸರಿಯಾಗೈತೆ ಕಣಪ್ಪ. ನಂಗೂ ಐದು ಮಕ್ಳು. ಒಬ್ಬೊಬ್ರಿಗೆ ಒಂದೊಂದು ಗೀರು."

ನನಗೆ ಮೈಯೆಲ್ಲ ಉರಿದುಹೋಯಿತು. ಅವರ ಮಗಳು ಜಯ ನನ್ನ ಕ್ಲಾಸಿನವಳು. ಆ ಐದು ಜನ ಅಣ್ಣಂದಿರ ಅಂಗಿ ಒಗೆದು ಬರುವಷ್ಟರಲ್ಲಿ ದಿನಾ ಸ್ಕೂಲಿನ ಬೆಲ್ಲು ಹೊಡೆದಿರುತ್ತಿತ್ತು.

"ಜಯ ನಿಮ್ ಮಗು ಅಲ್ವಾ?" ಅಂದೆ.

ಗೌಡರು ನಕ್ಕರು. "ಅದು ಬೇರೆ ಮನೆಗೋಗೋದು ಕಣವ್ವ. ಅದನ್ನೂ ಎಣಿಸ್ತಾರಾ?"

ಅಪ್ಪ ನನಗೆ ಬೈತಾನೆ ಅಂದುಕೊಂಡೆ. ಅವನು ಲೇತ್ ಮೇಲಿನ ಐದನ್ನು ಅಂಗೈಯಲ್ಲಿ ಒರೆಸಿ ಆರು ಅಂತ ಬರೆದ. "ನಳಿಗೆ ಅಗಲ ಆಗೈತೆ ಗೌಡ್ರೇ, ಆರೇ ಸರಿ. ಬೇಡ ಅಂದ್ರೆ ಇಂಗೇ ತಗೊಂಡೋಗಿ."

ವಾರ ಬಿಟ್ಟು ಬಂದ ಗೌಡರು ನಳಿಗೆಯನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. "ಇದ್ರಾಗೆ ಜಯಂದು ಯಾವ್ದು?"

"ಎಲ್ಲಾ ಒಂದೇ ಆಳ ಕೊರ್ದಿದೀನಿ," ಅಂದ ಅಪ್ಪ. "ನಂಗೂ ಗೊತ್ತಾಗಲ್ಲ."