ಮೌನಶಿಬಿರದ ಒಂದೇ ಮಾತು

೨೦೧೮ರ ನವೆಂಬರ್ ೧೧, ಭಾನುವಾರ ಸಂಜೆ ೭ ಗಂಟೆ ೪೨ ನಿಮಿಷ. ಮೌನಶಿಬಿರಕ್ಕೆ ಬಂದ ಐವರು ಅಪರಿಚಿತರ ಕಥೆಯ ಆ ನಾಟಕದಲ್ಲಿ ಇದ್ದದ್ದು ಕೊನೆಗೊಂದೇ ಮಾತು: "ನನಗೆ ಹಸಿವಾಗಿದೆ." ಅದು ಕಿವಿಗೆ ಬಿದ್ದೊಡನೆ ಪರದೆ ಇಳಿಸಬೇಕು ಎಂದು ಪರದೆ ಎಳೆಯುವವನಿಗೆ ಹೇಳಿಟ್ಟಿತ್ತು.

ಹನ್ನೊಂದು ವರ್ಷ ಹೆಣವಾಗಿ, ಮರವಾಗಿ, ಕಾವಲುಗಾರನಾಗಿ ತುಟಿ ಬಿಚ್ಚದೆ ಕಳೆದಿದ್ದ ಚನ್ನಬಸಪ್ಪನಿಗೆ ರಂಗದ ಮೇಲೆ ಸಿಕ್ಕ ಮೊದಲ ಮಾತು ಅದು. ಮೂರು ತಿಂಗಳು ಮನೆಯಲ್ಲಿ ಅದನ್ನೇ ಅಭ್ಯಾಸ ಮಾಡಿದ್ದ.

ನಿರ್ದೇಶಕರು ಹೇಳಿಕೊಟ್ಟಂತೆ ಅವನು ಎದ್ದು ನಿಂತು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸತೊಡಗಿದ. ಸಭಾಂಗಣವೆಲ್ಲ ಉಸಿರು ಬಿಗಿಹಿಡಿಯಿತು. ಒಂಬತ್ತು ದಾಟಿ ಬಾಯಿ ತೆರೆದ.

ಮೂರನೇ ಸಾಲಿನಲ್ಲಿದ್ದ ಹೆಂಡತಿ ಗಿರಿಜವ್ವ ತಡೆಯಲಾರದೆ ಎದ್ದು ಕೂಗಿದಳು: "ಅಯ್ಯ ಶಿವನ, ಮರತ್ರೇನ್ರೀ? 'ನನಗೆ ಹಸಿವಾಗಿದೆ' ಅನ್ರೀ! ಮನ್ಯಾಗ ದಿನಾ ತಲಿ ತಿಂತಿದ್ರಿ!"

ಪರದೆ ಪೂರ್ತಿ ಇಳಿಯಲು ಹಿಡಿದ ಸಮಯ ನಾಲ್ಕೂವರೆ ಸೆಕೆಂಡು.