ಅಪ್ಪ ಹಿಂದಿನ ಸೀಟಿನಲ್ಲಿ ಕೂತ ದಿನ

ಬಿಸಿಲಿಗೆ ಕಾದ ಚರ್ಮದ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಸಾಂತಾಕ್ರೂಜಿನ ನಮ್ಮ ಚಾಳಿನ ಅಂಗಳದ ಆ ಮಧ್ಯಾಹ್ನ ನೆನಪಾಗುತ್ತದೆ.

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ದೊಡ್ಡ ಮೋಟರ್‌ಸೈಕಲ್ ಒಂದು ಅಪ್ಪನ ಬಳಿ ಇತ್ತು. ದಾದರಿನ ಹೋಟೆಲೊಂದರಲ್ಲಿ ಮ್ಯಾನೇಜರಾಗಿದ್ದ ಅವರು ತಮ್ಮ ರಜೆಗಳನ್ನೆಲ್ಲ ಅದಕ್ಕೇ ಕೊಟ್ಟಿದ್ದರು. ಆರಾಮವಾಗಿ ಒರಗಿ ಓಡಿಸಲು ಹ್ಯಾಂಡಲ್ ಎತ್ತರಿಸಿದ್ದರು. ಅಮ್ಮನಿಗಾಗಿ ಹಿಂದೆ, ಬೆನ್ನಿಗೆ ಆಸರೆಯಿರುವ ಅಗಲವಾದ ಚರ್ಮದ ಸೀಟು ಹೊಲಿಸಿದ್ದರು. ಆದರೆ ಆ ವರ್ಷ ಅವರ ಬಲಗಣ್ಣು ಮಂಜಾಯಿತು. ಇನ್ನು ಗಾಡಿ ಓಡಿಸಬೇಡಿ ಎಂದು ಡಾಕ್ಟರು ಖಂಡಿತವಾಗಿ ಹೇಳಿಬಿಟ್ಟರು.

ಕೊಳ್ಳಲು ಬಾಂದ್ರಾದಿಂದ ಯುವಕನೊಬ್ಬ ಬಂದ. ಒಮ್ಮೆ ಓಡಿಸಿ ನೋಡುತ್ತೇನೆ ಎಂದವನು ಗಾಡಿ ಹತ್ತಿ, "ಅಂಕಲ್, ಆಪ್ ಪೀಛೆ ಬೈಠೋ" ಎಂದು ಹಿಂದಿನ ಸೀಟು ತೋರಿಸಿದ. ಅಪ್ಪ ಪಂಚೆ ಎತ್ತಿ ಕಟ್ಟಿ ಅಮ್ಮನ ಜಾಗದಲ್ಲಿ ಕೂತರು. ಗಾಡಿಯ ಸದ್ದು ಸ್ಟೇಷನ್ನಿನ ಕಡೆ ಕರಗುವವರೆಗೂ ನಾನೂ ಅಮ್ಮನೂ ಗೇಟಿನಲ್ಲೇ ನಿಂತಿದ್ದೆವು.

ಮರಳಿ ಬಂದಾಗ ಅಪ್ಪನ ತಲೆಗೂದಲೆಲ್ಲ ಕೆದರಿತ್ತು. ಯುವಕನಿಗೆ ಗಾಡಿ ಬಹಳ ಹಿಡಿಸಿತ್ತು. ಮಾತು ಮುಗಿಸಿ ಆಗಲೇ ತೆಗೆದುಕೊಂಡು ಹೋದ. ಅಪ್ಪ ಸೊಂಟ ಹಿಡಿದುಕೊಂಡು ಅಮ್ಮನ ಕಡೆ ತಿರುಗಿದರು.

"ಹಿಂದೆ ಕೂತ್ರೆ ಇಷ್ಟು ಕುಲುಕ್ತದೆ ಅಂತ ನೀನು ಒಂದು ದಿನವೂ ಹೇಳ್ಲಿಲ್ಲ ಅಲ್ಲ ಮಾರಾಯ್ತಿ."

ಚಾಳಿನವರೆಲ್ಲ ನೋಡುತ್ತಿದ್ದರೂ ಅಮ್ಮ ಕೈ ಚಾಚಿ ಅವರ ಕೂದಲನ್ನು ಸರಿಮಾಡಿದಳು.

"ಹೇಳಿದ್ರೆ ನೀವು ನಿಧಾನ ಓಡಿಸ್ತಿದ್ರಿ."